ಗುಂಡಿ ಮಗ್ಗದೊಳಗೆ ಇಬ್ಬರು

ಮೊಮ್ಮಗಳು ಇಲಕ್ಕಿಯಾಳ ಶಾಲೆಗೆ ನರ್ಸ್ ಬರುವುದಿದ್ದರೆ ಫೋನಿಗೆ ಮೊದಲೇ ಸುದ್ದಿ ಬರುತ್ತದೆ. ಚುಚ್ಚಿಸಿಕೊಂಡ ಮಗುವಿಗೆ ಚಾಕಲೇಟು ಬೇರೆ. ನಮ್ಮ ಕಾಲದಲ್ಲಿ ತಮಿಳು ಸೀಮೆಯ ಕುನ್ನತ್ತೂರಿನ ಶಾಲೆಗೆ ಬರುತ್ತಿದ್ದವನು ಲಸಿಕೆ ಹಾಕುವ ಶಣ್ಮುಗಂ. ಮೊದಲು ಉಗುರು ನೋಡುವನು, ಆಮೇಲೆ ತಲೆಯ ಹೇನು ನೋಡುವನು, ನಾವು ಮೈಮರೆತಾಗ ಸಿಡುಬಿನ ಸೂಜಿ ತೆಗೆಯುವನು. ಅಂಥ ಮೋಸಗಾರ.

ಒಂದು ಸಲ ಸೂಜಿ ಕಂಡದ್ದೇ ನಾನು ತಂಗಿ ಗೋಮತಿಯನ್ನು ಎಳೆದುಕೊಂಡು ಮನೆಗೆ ಓಡಿದೆ. ಅಪ್ಪ ಬೈಯಲಿಲ್ಲ. ಎರಡು ವರ್ಷದ ಹಿಂದೆ ಅಣ್ಣ ಬೆಳ್ಳಿಯಪ್ಪ ಸಿಡುಬಿನಲ್ಲಿ ತೀರಿಹೋಗಿದ್ದ. ಮಾರಿಯಮ್ಮ ಮುನಿದದ್ದಕ್ಕೇ ಅವನು ಹೋದ, ಸೂಜಿ ಚುಚ್ಚಿಸಿ ಅವಳನ್ನು ಮತ್ತೆ ಕೆರಳಿಸಿದರೆ ಉಳಿದ ಎರಡೂ ಹೋಗುತ್ತವೆ ಎಂಬುದು ಅಪ್ಪನ ಭಯ. ಪಕ್ಕದ ಊರಿನಲ್ಲಿ ಆಗಲೇ ಮೂರು ಮನೆಯ ಬಾಗಿಲಿಗೆ ಸಿಡುಬಿನ ಗುರುತಾಗಿ ಬೇವಿನ ಸೊಪ್ಪು ಕಟ್ಟಿದ್ದರು. ಅವ್ವನೋ, ಅಪ್ಪನಿಗೆ ಎದುರು ಮಾತಾಡಿದವಳೇ ಅಲ್ಲ.

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಅಪ್ಪ ನಮ್ಮಿಬ್ಬರನ್ನೂ ಅದರೊಳಗೆ ತುರುಕಿ, ತಾವು ಕೂತು, ಏನೂ ಅರಿಯದವರ ಹಾಗೆ ನೇಯತೊಡಗಿದರು. ತುಳಿದಾಗಲೆಲ್ಲ ಹಲಗೆ ನನ್ನ ನೆತ್ತಿಗೆ ಬಡಿಯುತ್ತಿತ್ತು. ಸೂಜಿಯೇ ವಾಸಿ ಎನಿಸಿತು.

ಶಣ್ಮುಗಂ ಹೆಸರಿನ ಪಟ್ಟಿ ಹಿಡಿದು ಬಂದ. ಮಕ್ಕಳು ಪೋತ್ತನೂರಿನ ಅತ್ತೆ ಮನೆಗೆ ಹೋಗಿ ವಾರವಾಯಿತು ಎಂದರು ಅಪ್ಪ. ಅವನು ಬೆಳಿಗ್ಗೆ ತಾನೇ ನಮ್ಮ ಉಗುರು ನೋಡಿದ್ದ. ಮನೆಯೆಲ್ಲ ಹುಡುಕಿ, ಅಕ್ಕಿ ಗುಡಾಣದೊಳಗೂ ಇಣುಕಿ, ಸೋತು ಹೊರಡುವಾಗ ಮಗ್ಗದ ಸೀರೆಯ ಮೇಲೆ ಅವನ ಕಣ್ಣು ಬಿತ್ತು. ಅವನೂ ನೇಕಾರರ ಮನೆಯವನೇ. ಅಂಚು ಸಡಿಲವಾಗಿದೆ ಎಂದುಬಿಟ್ಟ. ಕಳ್ಳ ಎಂದಿದ್ದರೂ ಅಪ್ಪ ಸಹಿಸುತ್ತಿದ್ದರು, ಅಂಚಿನ ಮಾತು ಸಹಿಸುವವರಲ್ಲ. ಇಬ್ಬರಿಗೂ ತಮಿಳಿನಲ್ಲಿ ಜೋರು ಜಗಳ ಹತ್ತಿತು.

ಆಗ ಅಡುಗೆಮನೆಯ ಬಾಗಿಲಿನಿಂದ ಅವ್ವನ ದನಿ ಬಂತು.

“ಬಾಯಲ್ಲಿ ಯಾರು ಬೇಕಾದ್ರೂ ನೇಯ್ತಾರೆ. ಕೂತು ನಾಕು ಎಳೆ ಹಾಕಿ ತೋರಿಸ್ಲಿ, ಪಾಕ್ಕಲಾಂ, ನೋಡಾಣ.”

ಅಪ್ಪ ರೋಷದಲ್ಲಿ ಎದ್ದು ಜಾಗ ಬಿಟ್ಟರು. ಶಣ್ಮುಗಂ ಪಂಚೆ ಎತ್ತಿ ಕೂತು, ಗುಂಡಿಗೆ ಕಾಲು ಇಳಿಸಿದ. ಹಲಗೆ ಸಿಗಲಿಲ್ಲ, ಗೋಮತಿಯ ತಲೆ ಸಿಕ್ಕಿತು. ಅವಳು ಅವನ ಕಾಲಿನ ಹೆಬ್ಬೆರಳನ್ನು ಕಚ್ಚಿದಳು. ಅಂದು ಮೊದಲು ಕಿರುಚಿದ್ದು ಸೂಜಿಯವನೇ.

ಮಗ್ಗದ ಪಕ್ಕದಲ್ಲೇ ನಮ್ಮಿಬ್ಬರಿಗೂ ಚುಚ್ಚಿ ಹೋದ. ಅಪ್ಪ ತಲೆ ಚಚ್ಚಿಕೊಂಡರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ನಮಗೆ ಜ್ವರ ಏರಿದ ದಿನ ಅವರು ಅವ್ವನ ಕಡೆ ತಿರುಗಿ, ಮಕ್ಕಳು ಒಳಗಿದ್ದದ್ದು ನಿನಗೂ ಮರೆತುಹೋಯಿತೇ ಎಂದು ಕೇಳಿದರು.

ಅವ್ವ ನನ್ನ ಹಣೆಯ ಒದ್ದೆ ಬಟ್ಟೆಯನ್ನು ತಿರುವಿ ಹಾಕಿದಳು.

“ಮರೀಲಿಲ್ಲ. ಮಾರಿಯಮ್ಮಂಗೆ ಒಬ್ಬ ಮಗನ್ನ ಕೊಟ್ಟಿದೀನಿ. ಇನ್ನೊಂದು ಕೊಡಕ್ಕೆ ನನ್ನ ಕೈಲಾಗಲ್ಲ.”

ಆ ಮಾತು ಅಪ್ಪನಿಗೆ ಎಷ್ಟು ನಾಟಿತೆಂದು ನನಗೆ ಆಗ ತಿಳಿಯಲಿಲ್ಲ.

ಮುಂದಿನ ವಾರ ಚುಚ್ಚಿದ ಗಾಯ ನೋಡಲು, ಬಿಟ್ಟುಹೋದವರಿಗೆ ಚುಚ್ಚಲು ಶಣ್ಮುಗಂ ಮತ್ತೆ ಶಾಲೆಗೆ ಬಂದ, ಸ್ವಲ್ಪ ಕುಂಟುತ್ತ. ನಾನು ತೋಳು ತೋರಿಸಿ ಹಿಂದೆ ತಿರುಗಿದೆ. ಮೂರನೇ ತರಗತಿಯ ಮಕ್ಕಳ ಸಾಲಿನ ಕೊನೆಯಲ್ಲಿ, ಅಂಗಿಯ ತೋಳು ಮಡಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಮ್ಮಪ್ಪ ನಿಂತಿದ್ದರು.