ತಟ್ಟಬಾರದ ಬಾಗಿಲು

ಕಾಲೇಜಿನ ಫುಟ್‌ಬಾಲ್ ತಂಡದ ಆರು ಜನ ಸೇರಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದರು. ಪಾತ್ರೆ ತೊಳೆಯೋದಕ್ಕಾಗಲಿ, ನೆಲ ಗುಡಿಸೋದಕ್ಕಾಗಲಿ ಅಲ್ಲಿ ನಿಯಮವಿರಲಿಲ್ಲ. ಇದ್ದದ್ದು ಒಂದೇ: ಯಾರಾದರೂ ಹುಡುಗಿಯ ಜೊತೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಉಳಿದವರು ತಟ್ಟಬಾರದು. ಇದನ್ನೇ ಅವರು ದೊಡ್ಡ ಮರ್ಯಾದೆ ಅಂದುಕೊಂಡಿದ್ದರು. ಎಂಥ ಮರ್ಯಾದೆಯೋ!

ಆ ಭಾನುವಾರ ಪಂದ್ಯ ಗೆದ್ದಿದ್ದರು. ಮಧ್ಯಾಹ್ನಕ್ಕೇ ಬಾಟಲಿಗಳು ಹೊರಬಂದವು. ಗೋಲ್‌ಕೀಪರನನ್ನು ಎಲ್ಲರೂ ಗೋಡೆ ಅಂತ ಕರೆಯುತ್ತಿದ್ದರು. ಚೆಂಡಿಗೆ ಹೆದರದ ಆಸಾಮಿ, ಕ್ಯಾಪ್ಟನ್ ಎದುರು ಮಾತ್ರ ಬಾಯಿಗೆ ಬೀಗ. ಸಹಪಾಠಿ ಹುಡುಗಿಯೊಬ್ಬಳು ಸಾಕು ಸಾಕು ಅಂದರೂ ಕ್ಯಾಪ್ಟನ್ ಅವಳ ಲೋಟಕ್ಕೆ ಸುರಿಯುತ್ತಲೇ ಇದ್ದ. ಗೋಡೆ ನೋಡಿದ, ಸುಮ್ಮನಿದ್ದ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಅವಳ ತೋಳು ಹಿಡಿದು ಕೋಣೆಗೆ ಕರೆದೊಯ್ದ. ಚಿಲಕ ಬಿತ್ತು.

ಕುಡಿಯದ ಒಬ್ಬನೇ ಒಬ್ಬ ಗೆಳೆಯನಿಗೆ ಸೋಡಾ ಅಂತ ಹೆಸರಿಟ್ಟು ಕಾಡುತ್ತಿದ್ದರು. ಅವನು ಗೋಲ್‌ಕೀಪರನ ಪಕ್ಕ ಬಂದು ನಿಂತ.

"ಬಾ, ಬಾಗಿಲು ತಟ್ಟೋಣ."

"ಅವಳೇ ಹೋದ್ಲಲ್ಲೋ. ಬೇಡ ಅಂದ್ಲಾ?"

"ಬೇಕು ಅಂದ್ಲಾ? ನೆಟ್ಟಗೆ ನಿಲ್ಲೋಕೇ ಆಗ್ತಿರ್ಲಿಲ್ಲ ಅವಳಿಗೆ. ಆ ಸ್ಥಿತೀಲಿ ಹೂಂ ಅಂದ್ರೂ ಅದು ಒಪ್ಪಿಗೆ ಅಲ್ಲ ಕಣೋ."

ಕ್ಯಾಪ್ಟನ್‌ಗೂ ಮೈಮೇಲೆ ಎಚ್ಚರವಿಲ್ಲ ಅಂತ ಗೋಡೆ ಗೊಣಗಿದ.

"ಚಿಲಕ ಹಾಕೋಷ್ಟು ಎಚ್ಚರ ಇತ್ತಲ್ಲ," ಅಂದ ಸೋಡಾ. "ನಾನೊಬ್ಬನೇ ಹೋದ್ರೆ ತಳ್ಳಿಬಿಡ್ತಾನೆ. ಇಬ್ಬರಿದ್ರೆ ಆಗಲ್ಲ."

ಸ್ಪೀಕರಿನಲ್ಲಿ ಅಬ್ಬರಿಸುತ್ತಿದ್ದ ಹಾಡನ್ನು ಸೋಡಾ ನಿಲ್ಲಿಸಿದ. ಒಳಗಿನಿಂದ ಹುಡುಗಿಯ ತೊದಲು ದನಿ ಕೇಳಿತು, ಮನೆಗೆ ಹೋಗಬೇಕು ಅಂತ. ಗೋಡೆ ಬಾಗಿಲ ಬಳಿ ಹೋದ. ತಟ್ಟಿದರೆ ತಂಡದಲ್ಲಿ ಜಾಗ ಹೋಗುತ್ತದೆ, ಗೊತ್ತಿತ್ತು. ತಟ್ಟಿದ. ಒಳಗಿನಿಂದ ಬೈಗುಳ ಬಂತು. ಮತ್ತೆ ಗುದ್ದಿದ.

"ಬಾಗಿಲು ತೆಗಿ. ಇಲ್ಲಾಂದ್ರೆ ಒಡೀತೀವಿ."

ಬಾಗಿಲು ತೆರೆಯಿತು. ಹುಡುಗಿ ಮೂಲೆಯಲ್ಲಿ ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದಳು. ಕ್ಯಾಪ್ಟನ್ ಕೂಗಾಡಿದ, ತಮಾಷೆ ಅಂದ. ಇಬ್ಬರೂ ಅವನಿಗೆ ಅಡ್ಡ ನಿಂತರು. ಅವಳ ಅಕ್ಕನಿಗೆ ಫೋನ್ ಮಾಡಿ, ಬರುವವರೆಗೂ ಮೆಟ್ಟಿಲ ಮೇಲೆ ಅವಳ ಕಾವಲಿಗೆ ಕೂತರು.

ಅಕ್ಕ ಬಂದು ತಂಗಿಯನ್ನು ತಬ್ಬಿಕೊಂಡಳು. ಆಮೇಲೆ ಗೋಡೆಯತ್ತ ತಿರುಗಿದಳು.

"ಇವಳಿಗೆ ಕುಡಿಸ್ತಿದ್ದಾಗ ನೀವು ಎಷ್ಟು ಜನ ಇದ್ರಿ ಇಲ್ಲಿ?"

ಮರುದಿನ ಹುಡುಗಿ ಕಾಲೇಜಿಗೆ ದೂರು ಕೊಟ್ಟಳು. ಕಂಡದ್ದನ್ನೆಲ್ಲ ಹೇಳಲು ಇವರಿಬ್ಬರೂ ಹೋದರು. ತಾನು ಸುಮ್ಮನಿದ್ದದ್ದನ್ನೂ ಗೋಡೆ ಹೇಳಿದ.

ಕಾಲೇಜು ಓದುವ ತಮ್ಮಂದಿರೇ, ಸಾಕು ಅಂದವರ ಲೋಟಕ್ಕೆ ಸುರಿಯುವ ಕೈಯನ್ನು ಅಲ್ಲೇ ಹಿಡಿಯಿರಿ. ನೀವೂ ಮಿತಿ ಮೀರಬೇಡಿ. ಅಮಲಿನಲ್ಲಿರುವವರನ್ನು ಯಾರಾದರೂ ಒಂಟಿಯಾಗಿ ಕರೆದೊಯ್ದರೆ ಇಬ್ಬರಾಗಿ ಹೋಗಿ ತಡೆಯಿರಿ, ಆಗದಿದ್ದರೆ ಹಿರಿಯರನ್ನೋ ಪೊಲೀಸರನ್ನೋ ಕರೆಯಿರಿ. ನಿಮ್ಮ ಅನುಮಾನ ತಪ್ಪಾದರೆ ಒಂದು ಕ್ಷಮೆ ಕೇಳಿದರೆ ಮುಗಿಯಿತು. ಅನುಮಾನ ನಿಜವಾಗಿ, ನೀವು ಸುಮ್ಮನಿದ್ದರೆ, ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳುತ್ತೀರಿ?