ಸೂಕ್ತ ಕ್ರಮ

"ಲೇ ಸೋಪಕ್ಕಾ, ನಿನ್ ಮಗಳು ಮಹಾರಾಣಿ ಕಣೇ! ಮಿಸ್ ಕರೆದ್ರೂ ತಿರುಗಿ ನೋಡಲ್ವಂತೆ. ಅವ್ವ ಕಂಡೋರ ಹೊಲಸು ತೊಳೀತಾಳೆ, ಮಗಳಿಗೆ ಸೊಕ್ಕು ನೋಡು!"

ಲಾಂಡ್ರಿಯ ಯಜಮಾನ ಫೋನಿಗೆ ಬಂದ ಶಾಲೆಯ ಇಮೇಲ್ ನೋಡುತ್ತ ಎಲ್ಲರೆದುರು ಅರಚುತ್ತಿದ್ದ. ಮಶೀನುಗಳು ಓಡುವಾಗ ಅಲ್ಲಿ ಅರಚದೆ ಮಾತಿಲ್ಲ. ಗಂಟಲು ಸೋತ ಹೆಂಗಸರು ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ಬೆರಳು ಬಿಡಿಸಿ ಅಲ್ಲಾಡಿಸಿದರೆ ಮಶೀನು ಓಡುತ್ತಿದೆ, ಮುಷ್ಟಿ ಬಿಗಿದರೆ ನಿಂತಿದೆ ಎಂದರ್ಥ. ಆಸ್ಪತ್ರೆಯ ಚಾದರಗಳನ್ನು ಎಳೆದು ಹಾಕುತ್ತಿದ್ದ ಸೋಪಕ್ಕ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಏನ್ ಬರೆದವ್ರೆ, ಪೂರ್ತಿ ಓದಿ ಯಜಮಾನ್ರೇ."

"'ಹೆಸರು ಹಿಡಿದು ಕರೆದಾಗ ಸ್ಪಂದಿಸುವಲ್ಲಿ ನಿಮ್ಮ ಮುದ್ದು ಮಗಳಿಗೆ ಇನ್ನಷ್ಟು ಪ್ರಗತಿ ಸಾಧಿಸುವ ಅವಕಾಶವಿದೆ. ತಮ್ಮ ಅನುಕೂಲದ ಸಮಯದಲ್ಲಿ ಭೇಟಿ ನೀಡಿದರೆ ಸಂತೋಷ.' ನೋಡು, ಎಷ್ಟು ಮರ್ಯಾದೆಯಾಗಿ ಉಗಿದವ್ರೆ!"

"ಒಂದ್ ಗಳಿಗೆ ಹೋಗ್ಬರ್ಲಾ?"

"ಅನುಕೂಲ ಇದ್ರೆ ಅಂತ ಬರೆದದೆ. ನಿಂಗೆಲ್ಲಿದೆ ಅನುಕೂಲ? ನಾನೇ ಉತ್ತರ ಕಳಿಸ್ತೀನಿ. ಬರೆಯೋದೂ ಬೇಡ, ಈ ಫೋನೇ ಬರೆದುಕೊಡುತ್ತೆ, ಒತ್ತಿದ್ರಾಯ್ತು." ಒತ್ತಿದ. "ಹೋಗು, ಮನೇಲಿ ನಾಲ್ಕು ಬಿಗಿ."

ಇಮೇಲ್ ವಿಳಾಸ ಇಲ್ಲದೆ ಶಾಲೆ ಮಗುವನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೋಪಕ್ಕನಿಗೆ ಅದು ಎಲ್ಲಿಂದ ಬರಬೇಕು? ಯಜಮಾನ ತನ್ನದನ್ನೇ ಕೊಟ್ಟಿದ್ದ. ಅಂದಿನಿಂದ ಆ ಉಪಕಾರದ ಮಾತನ್ನು ಅವಳು ಕೂತಲ್ಲಿ ನಿಂತಲ್ಲಿ ಕೇಳುತ್ತಲೇ ಇದ್ದಳು.

ಸಂಜೆ ಮಗಳು ಪುಟ್ಟಿ ಮನೆ ಬಾಗಿಲಲ್ಲಿ ಕೂತು ಬೂಟಿನ ದಾರ ಬಿಚ್ಚಿಕೊಳ್ಳುತ್ತಿತ್ತು. "ಮಿಸ್ ಕರೆದ್ರೆ ತಿರುಗಕ್ಕೇನೇ ರೋಗ ನಿಂಗೆ?" ಎಂದು ಸೋಪಕ್ಕ ಹಿಂದಿನಿಂದ ಕೇಳಿದಳು. ಮಗು ತಿರುಗಲಿಲ್ಲ. ಇಷ್ಟು ಹೊತ್ತು ನುಂಗಿಕೊಂಡಿದ್ದ ಅವಮಾನವೆಲ್ಲ ಅಂಗೈಗೆ ಬಂತು. ಏಟು ಕಿವಿಯ ಮೇಲೇ ಬಿತ್ತು. ಪುಟ್ಟಿ ಅಳಲಿಲ್ಲ. ಯಾಕೆಂದು ತಿಳಿಯದೆ ಅವ್ವನ ಬಾಯನ್ನೇ ನೋಡುತ್ತ ನಿಂತಿತು.

ಮುಂದಿನ ವಾರ ಇನ್ನೊಂದು ಇಮೇಲ್ ಬಂತು.

"ಮತ್ತೆ ಅದೇ ರಾಗ ಕಣೇ. ಏಟು ಸಾಲ್ಲಿಲ್ಲ ಅನ್ಸುತ್ತೆ, ಇನ್ನೊಂದೆರಡು ಹಾಕು."

ಅವ್ವನ ಬಾಯನ್ನು ನೋಡುತ್ತ ನಿಂತಿದ್ದ ಆ ಮುಖ ಸೋಪಕ್ಕನಿಗೆ ವಾರವಿಡೀ ನಿದ್ದೆ ಕೊಟ್ಟಿರಲಿಲ್ಲ. ಕೈಯಲ್ಲಿದ್ದ ಒದ್ದೆ ಚಾದರವನ್ನು ಅಲ್ಲೇ ಬಿಟ್ಟು ಹೊರಟಳು. "ಏಯ್, ಎಲ್ಲಿಗೇ?" ಎಂಬ ಕೂಗು ಮಶೀನಿನ ಸದ್ದಿನಲ್ಲಿ ಮುಳುಗಿತು.

ಶಾಲೆಯಲ್ಲಿ ಮಿಸ್ ಅವಳ ಬೆಂದು ಸುಕ್ಕಾದ ಕೈಗಳನ್ನು ನೋಡಿ ಎದ್ದು ನಿಂತಳು. ಚಿಕ್ಕ ವಯಸ್ಸಿನವಳು.

"ಡಾಕ್ಟರ್ ಏನಂದ್ರಮ್ಮಾ?"

"ಯಾವ ಡಾಕ್ಟ್ರು?"

"ಕಿವಿ ತೋರಿಸಿದ್ರಲ್ಲ? ಪುಟ್ಟಿಗೆ ಕಿವಿ ಕೇಳಿಸ್ತಿಲ್ಲ, ಬೇಗ ತೋರಿಸಿ ಅಂತ ಬರೆದಿದ್ನಲ್ಲ..."

"ಹಂಗೆ ಬಂದಿಲ್ಲ ಕಣವ್ವ. ಪ್ರಗತಿ ಅಂತ ಬಂತು. ಅವಕಾಶ ಅಂತ ಬಂತು."

ಮಿಸ್ ಫೋನು ತೆಗೆದು ತಾನು ಕಳಿಸಿದ್ದನ್ನು ಮೊದಲ ಬಾರಿಗೆ ಓದಿದಳು.

"ಮೊದಲೆಲ್ಲ ಗೇಟಲ್ಲೇ ಹೇಳ್ತಿದ್ದೆ. ಈಗ ಗೇಟಲ್ಲಿ ಮಾತಾಡೋ ಹಾಗಿಲ್ಲ. ನಾವು ಶಾಲೆಯ ಆ್ಯಪಲ್ಲಿ ನಾಲ್ಕು ಮಾತು ಹಾಕಿದ್ರೆ ಅದೇ ಕಾಗದ ಬರೆದು ಕಳಿಸುತ್ತೆ. ಕಾಯಿಲೆ ಹೆಸರು ಬಂದ್ರೆ ಪೋಷಕರು ಜಗಳಕ್ಕೆ ಬರ್ತಾರೆ ಅಂತ ಶಾಲೆಯ ದೊಡ್ಡೋರು ಅದು ಮೆತ್ತಗೆ ಬರೆಯೋ ಹಾಗೆ ಮಾಡಿಸಿದ್ದಾರೆ. ನಾನು ಓದ್ಲಿಲ್ಲಮ್ಮಾ. ನಿಮ್ಮಿಂದ ಉತ್ತರ ಬಂತಲ್ಲ, ಮನೆಯಲ್ಲಿ ಸೂಕ್ತ ಕ್ರಮ ಕೈಗೊಂಡಿದ್ದೇವೆ ಅಂತ. ತೋರಿಸಿದ್ದಾರೆ ಅಂದ್ಕೊಂಡೆ. ಆದ್ರೂ ಮಗು ಹಾಗೇ ಇತ್ತು, ಅದಕ್ಕೇ ಇನ್ನೊಂದು ಹಾಕಿದೆ."

ಅಂಗಳದಲ್ಲಿ ಪುಟ್ಟಿ ಬೆನ್ನು ತೋರಿಸಿ ಆಡುತ್ತಿತ್ತು. ಸೋಪಕ್ಕ ಹತ್ತಿರ ಹೋಗಿ, ಜೀವಮಾನದಲ್ಲಿ ಮೊದಲ ಸಲವೋ ಏನೋ, ಮೆಲ್ಲಗೆ ಕರೆದಳು. "ಪುಟ್ಟೀ."

ಮಣ್ಣಲ್ಲಿ ಗೆರೆ ಎಳೆಯುತ್ತಿದ್ದ ಕೈ ನಿಲ್ಲಲಿಲ್ಲ.

ಲಾಂಡ್ರಿಯವರ ಮನೆಯಲ್ಲಿ ಯಾರು ಮೆಲ್ಲಗೆ ಮಾತಾಡುತ್ತಾರೆ? ಉಪ್ಪು ಕೇಳುವುದಕ್ಕೂ ಅರಚು, ಜೊತೆಗೆ ಕೈಸನ್ನೆ. ಹುಟ್ಟಿದಾಗಿನಿಂದ ಲಾಂಡ್ರಿಯ ಬಟ್ಟೆಗಂಟಿನ ಮೇಲೆ ಕೂತು ಬೆಳೆದ ಮಗು ಮಾತಿಗಿಂತ ಮೊದಲು ಕೈಯನ್ನೇ ಕಲಿತಿತ್ತು. ಮನೆಯಲ್ಲಿ ಗೊತ್ತಾಗುವುದಾದರೂ ಹೇಗೆ?

"ಹೊಡೆದೆ ಮಿಸ್," ಹಿಂದೆಯೇ ಬಂದಿದ್ದ ಮಿಸ್ ಕಡೆ ತಿರುಗಿ ಅಂದಳು ಸೋಪಕ್ಕ. "ಆ ಕಿವಿಗೇ ಹೊಡೆದೆ."

ಮಗಳ ಕೈ ಹಿಡಿದು ಅವಳು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಲಾಂಡ್ರಿಯೊಳಗೆ ನುಗ್ಗಿದಳು.

"ಯಾರನ್ ಕೇಳಿ ಹೋದೆಯೇ, ದರಿದ್ರ ಮುಂಡೆ?"

ಅವಳು ನೇರ ಗೋಡೆಯ ಬಳಿ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದಳು. ಮಶೀನುಗಳು ನರಳುತ್ತ ಒಂದೊಂದಾಗಿ ನಿಂತವು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು.

"ನನ್ ಬಾಯಾಗಿ ಏನ್ ಕಳಿಸಿದ್ಯೋ ಅದನ್ನ ಓದು."

"ಸ್ವಿಚ್ ಹಾಕೇ, ಮೈಯಲ್ಲಿ ಹೆಂಗೈತೆ?"

"ಓದೋ ಲೇ."

ಅವನು ಸ್ವಿಚ್ಚಿನತ್ತ ಹೆಜ್ಜೆ ಹಾಕಿದ. ಹೆಂಗಸರು ಎದ್ದುಬಂದು ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತರು. ಅವರ ಕೈಗಳೂ ಸುಮ್ಮನಿದ್ದವು. ಯಜಮಾನ ಫೋನು ತೆಗೆದ. ಆ ಮೌನದಲ್ಲಿ ಅವನ ಪಿಸುಮಾತೂ ಎಲ್ಲರಿಗೂ ಕೇಳಿಸಿತು.

"ತಮ್ಮ ಕಾಳಜಿಗೆ ಧನ್ಯವಾದಗಳು. ಮನೆಯಲ್ಲಿ ಸೂಕ್ತ ಕ್ರಮ..."

ಪುಟ್ಟಿ ಎಲ್ಲರ ಮುಖಗಳನ್ನು ನೋಡಿತು. ಆಮೇಲೆ ಹತ್ತಿರದ ಮಶೀನಿನ ಮೇಲೆ ಅಂಗೈ ಊರಿ ಕಾದಿತು. ಅದು ನಡುಗಲಿಲ್ಲ. ಅವ್ವನ ಕಡೆ ತಿರುಗಿ ಪುಟ್ಟ ಮುಷ್ಟಿ ಬಿಗಿದು ಎತ್ತಿ ತೋರಿಸಿತು.