ಎಲ್ಲರಿಗೂ ತೆರೆದ ಫೈಲು

“ಯಾವ ಕತ್ತೆ ನನ್ನ ಕಂಪ್ಯೂಟರಿಗೆ ಕೈ ಹಾಕಿದ್ದು?”

“ಕತ್ತೆ ಅಲ್ಲ ತಂಗಿ, ನಾನು,” ಎಂದರು ತಾಷ್ತಾನ್. ತಲಾಸ್ ಕಣಿವೆಯ ನಮ್ಮ ಕಾಲುವೆ ಕಚೇರಿಗೆ ಅವರೇ ಮುಖ್ಯಸ್ಥರು.

ನನಗೆ ಇನ್ನೂ ಸಿಟ್ಟು ಬಂತು. ಯಾವ ಬೀನ್ಸ್ ಹೊಲಕ್ಕೆ ಯಾವಾಗ ನೀರು ಎಂಬ ಸರದಿ ಡೇಟಾಬೇಸಿನಲ್ಲಿದೆ. ಬೆಳಗಾಗುವ ಮೊದಲೇ ಬಂದು ನಾನು ಪಾಸ್‌ವರ್ಡ್ ಹೊಡೆದರೆ ಮಾತ್ರ ಅದು ನೀರುಗಂಟಿಗಳ ಫೋನಿಗೆ ಹೋಗುತ್ತಿತ್ತು. ಅದಕ್ಕಾಗಿಯೇ ಎಷ್ಟೋ ಬೇಸಿಗೆ ಅವ್ವನ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಲಾಗಿರಲಿಲ್ಲ. ಈ ಸಲ ಪಾಸ್‌ವರ್ಡನ್ನು ಒಂದು ಫೈಲಿನಲ್ಲಿಟ್ಟು, ಸ್ಕ್ರಿಪ್ಟು ಎಂಬ ನಾನೇ ಬರೆದ ಪುಟ್ಟ ಪ್ರೋಗ್ರಾಮು ತಾನೇ ಅದನ್ನು ಓದಿಕೊಂಡು ಕೆಲಸ ಮಾಡುವಂತೆ ಮಾಡಿ ಬೆಟ್ಟ ಹತ್ತಿದ್ದೆ. ಅವ್ವನ ಡೇರೆಯಲ್ಲಿ ಕೂತು ಹುಳಿ ಬಂದ ಕುದುರೆ ಹಾಲು, ಕುಮಿಸ್, ಕುಡಿಯುತ್ತಿದ್ದಾಗ ಫೋನು ಬಂತು: ಸರದಿ ಬಂದಿಲ್ಲ, ಕಾಲುವೆ ಮೇಲೆ ಜನ ಸಲಿಕೆ ಹಿಡಿದು ನಿಂತಿದ್ದಾರೆ. ಅರ್ಧಕ್ಕೇ ಎದ್ದು ಬೆಟ್ಟ ಇಳಿದು ಕಚೇರಿಗೆ ಬಂದಿದ್ದೆ.

“ಆ ಫೈಲನ್ನ ನೀನೊಬ್ಬಳೇ ಓದೋ ಹಾಗೆ ಮಾಡಿದ್ದೆ. ಎಲ್ಲರಿಗೂ ತೆರೆದಿಟ್ಟೆ, ಅಷ್ಟೇ. ನಮ್ಮಲ್ಲಿ ಡೇರೆಗೆ ಯಾರಾದ್ರೂ ಬೀಗ ಹಾಕ್ತಾರಾ?”

“ಅಣ್ಣಾ, ಇದು ಡೇರೆ ಅಲ್ಲ! ಬೇರೆಯವರು ಓದೋ ಹಾಗಿದ್ರೆ ಡೇಟಾಬೇಸಿನ ಪ್ರೋಗ್ರಾಮು ಆ ಫೈಲನ್ನ ಮೂಸಿ ಕೂಡ ನೋಡಲ್ಲ. ಪಾಸ್‌ವರ್ಡ್ ಇಲ್ಲ ಅಂತ ಕೈ ಚೆಲ್ಲುತ್ತೆ.”

“ಯಂತ್ರಕ್ಕೂ ಇಷ್ಟು ಅನುಮಾನವಾ? ನಮ್ಮ ಹೆಂಡತಿಯರೇ ವಾಸಿ.”

ನಾನು ನಗಲಿಲ್ಲ. ಫೈಲನ್ನು ಮತ್ತೆ ನನ್ನ ಖಾತೆಯೊಂದಕ್ಕೇ ಸೀಮಿತಗೊಳಿಸಿದೆ. ಸ್ಕ್ರಿಪ್ಟು ಯಾರನ್ನೂ ಏನೂ ಕೇಳದೆ ಓಡಿತು. ಸ್ವಲ್ಪ ಹೊತ್ತಿಗೆ ನೀರುಗಂಟಿಯೊಬ್ಬ ಫೋನ್ ಮಾಡಿ, ಸರದಿ ಬಂತು, ತೂಬು ಎತ್ತಿದೆ ಎಂದ.

ತಾಷ್ತಾನ್ ಚಹಾ ಬಗ್ಗಿಸಿ ನನ್ನ ಮುಂದಿಟ್ಟರು. ಮಾತು ಮೆತ್ತಗಾಗಿತ್ತು.

“ಒಳ್ಳೇದಾಯ್ತು. ಆದ್ರೆ ನನಗೆ ಇದರ ಮೇಲೆ ನಂಬಿಕೆ ಇಲ್ಲ. ತೆಗೆದುಹಾಕು. ನಾಳೆಯಿಂದ ಮೊದಲಿನ ಹಾಗೆ ನೀನೇ ಬಂದು ಹೊಡಿ.”

“ಈಗ ತಾನೇ ನಡೀತಲ್ಲ?”

“ನಡೀತು. ನಾಳೆ ಕೆಟ್ಟರೆ ಯಾರನ್ನ ಬೈಲಿ? ನೀನು ಇಲ್ಲೇ ಇದ್ರೆ ನನಗೆ ಧೈರ್ಯ.”

“ಅವ್ವನ ಕೈಲಿ ಕುದುರೆ ಹಾಲು ಕರೆಯೋಕೆ ಆಗ್ತಿಲ್ಲ ಅಣ್ಣಾ.”

“ಮುಂದಿನ ಬೇಸಿಗೆ ನೋಡೋಣ.”

ಹೋದ ಬೇಸಿಗೆಯೂ ಇದನ್ನೇ ಅಂದಿದ್ದರು. ನಾನು ಎದ್ದೆ.

“ಪಾಸ್‌ವರ್ಡ್ ಹೆಂಗೂ ನೀವು ಓದಿದೀರಲ್ಲ. ಬೇಕಾದ್ರೆ ನೀವೇ ಹೊಡೀರಿ.”

“ಜಿಪಾರ್, ಚಹಾ ಆರುತ್ತೆ, ಕೂತ್ಕೋ.”

ಕಚೇರಿಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟೆ. ಬಜಾರಿನ ಹತ್ತಿರ, ಅವ್ವನ ಡೇರೆಯಿರುವ ಸುಸಾಮಿರ್ ಹುಲ್ಲುಗಾವಲಿನ ಕಡೆಯ ಗಾಡಿಯಲ್ಲಿ ಜಾಗ ಸಿಕ್ಕಿತು. ಆ ಕಚೇರಿಗೆ ಮತ್ತೆ ಕಾಲಿಡಲಿಲ್ಲ.